ಎರಡು ಬೆಡ್‌ರೂಮಿನ ಮನೆ, ಮೂರು ಸೈಕಲ್

ನಮ್ಮದು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಎರಡು ಬೆಡ್‌ರೂಮು, ಒಟ್ಟು 720 ಚದರಡಿ. ಲಿಫ್ಟ್ ಇಲ್ಲ. ಈ ಮನೆಯೊಳಗೆ ಈಗ ಮೂರು ಸೈಕಲ್ ಇವೆ. ನನ್ನದೊಂದು, ನಮ್ಮನೆಯವರದೊಂದು, ಮಗಳ ಇಪ್ಪತ್ತು ಇಂಚಿನದೊಂದು. ವಾರಕ್ಕೆ ನಾಲ್ಕೈದು ದಿನ ಮೂರೂ ರಸ್ತೆಗೆ ಇಳಿಯುತ್ತವೆ.

ಇಳಿಯುತ್ತವೆ ಅನ್ನೋದೇ ನನಗೆ ಮುಖ್ಯ. ಸೈಕಲ್ಲನ್ನು ಎಲ್ಲಿಯಾದರೂ ತುರುಕಬಹುದು. ಆದರೆ ಬೆಳಿಗ್ಗೆ ಆರಕ್ಕೆ ಎದ್ದು, ಎರಡು ಬಕೆಟ್ಟು, ಬಟ್ಟೆ ಒಣಗಿಸೋ ಸ್ಟ್ಯಾಂಡು, ಗ್ಯಾಸ್ ಸಿಲಿಂಡರ್ ಎಲ್ಲ ಸರಿಸಿ ಸೈಕಲ್ ತೆಗೆಯಬೇಕು ಅಂದರೆ ಯಾರೂ ತೆಗೆಯಲ್ಲ. ಸುಮ್ನೆ ಸ್ಕೂಟರ್ ಕೀ ತಗೊಂಡು ಹೋಗಿಬಿಡುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಸರಿಯಾದ ಜಾಗ ಸಿಗುವ ಹೊತ್ತಿಗೆ ನಾಲ್ಕು ಕಡೆ ಇಟ್ಟು ನೋಡಿದ್ದಾಯಿತು.

ಮೊದಲು ಇಟ್ಟಿದ್ದು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ. ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದೆವು. ಕಳ್ಳತನದ ಭಯ ಬಿಟ್ಟರೆ ಬೇರೇನೂ ಯೋಚಿಸಿರಲಿಲ್ಲ. 2022ರಲ್ಲಿ ಬೆಂಗಳೂರಿಗೆ ಎಂಥ ಮಳೆ ಬಂತು ನೆನಪಿದೆ ಅಲ್ವಾ? ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಸಾಗಿಸಿದರು. ನಮ್ಮ ಕಡೆ ಅಷ್ಟು ಕೆಟ್ಟದ್ದಾಗಲಿಲ್ಲ, ಆದರೂ ಒಂದು ರಾತ್ರಿ ಬೇಸ್‌ಮೆಂಟ್‌ಗೆ ಮೊಣಕಾಲುದ್ದ ನೀರು ನುಗ್ಗಿತು. ಬೆಳಿಗ್ಗೆ ನೀರಿಳಿದ ಮೇಲೆ ಸೈಕಲ್ ಹೊರಗಿನಿಂದ ಚೆನ್ನಾಗೇ ಕಂಡಿತು. ಒರೆಸಿ ಇಟ್ಟೆವು. ನಾಲ್ಕು ದಿನ ಬಿಟ್ಟು ತುಳಿದರೆ ಪೆಡಲ್‌ನ ಬುಡದಿಂದ ಕರಕರ ಸದ್ದು, ಮರಳು ಅರೆದ ಹಾಗೆ. ರಿಪೇರಿ ಅಂಗಡಿಯವರು ಸೀಟು ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡಿದರು. ಸೀಟಿನ ಕೊಳವೆಯಿಂದ ಟೀ ಬಣ್ಣದ ನೀರು ಒಂದು ಲೋಟದಷ್ಟು ಸುರಿಯಿತು. ನಾಲ್ಕು ದಿನ ಆ ನೀರು ಫ್ರೇಮಿನೊಳಗೇ ನಿಂತಿತ್ತು. ಬೇರಿಂಗ್ ಪೂರ್ತಿ ಹೋಗಿತ್ತು. ನಿಮ್ಮ ಸೈಕಲ್ ಯಾವತ್ತಾದರೂ ನೀರಲ್ಲಿ ನಿಂತಿದ್ದರೆ ಅವತ್ತೇ ಸೀಟು ಕಿತ್ತು ಬಗ್ಗಿಸಿ ನೋಡಿ.

ಆಮೇಲೆ ಬಾಲ್ಕನಿ. ನಮ್ಮ ಬಾಲ್ಕನಿ ಮೂರಡಿ ಅಗಲ. ಸೈಕಲ್ ನಿಲ್ಲಿಸಿದರೆ ಬಟ್ಟೆ ಒಣಹಾಕಲು ಜಾಗ ಇಲ್ಲ. ಪಾರಿವಾಳದ ಕಾಟ ಬೇರೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಹೊದಿಸಿದೆವು. ದೊಡ್ಡ ತಪ್ಪಾಗಿದ್ದು ಅಲ್ಲೇ. ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹದಿನೈದು ದಿನ ಬಿಟ್ಟು ಕವರ್ ಎತ್ತಿದರೆ, ಒಳಮೈಯಲ್ಲೆಲ್ಲ ನೀರ ಹನಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಿತ್ತು. ಚೈನು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮಳೆ ಹೊರಗಿನಿಂದ ಬರಲಿಲ್ಲ, ತೇವ ಒಳಗೇ ಕೂತಿತ್ತು. ಮುಚ್ಚಲೇಬೇಕಿದ್ದರೆ ಹಳೇ ಕಾಟನ್ ಬೆಡ್‌ಶೀಟ್ ಹಾಕಿ, ಗಾಳಿಯಾದರೂ ಆಡುತ್ತದೆ. ಬಿಸಿಲಿಗೆ ಬಿಟ್ಟರೆ ಟೈರಿನ ರಬ್ಬರು ಬಿರುಕು ಬಿಡುತ್ತದೆ.

ಮೂರನೆಯದು ಮೆಟ್ಟಿಲ ತಿರುವು. ಒಂದೇ ದಿನ ಇಟ್ಟಿದ್ದೆವು. ಮೇಲಿನ ಮನೆಯ ಅಜ್ಜಿ ಕೋಲು ಹಿಡಿದು ಇಳಿಯುವಾಗ ಹ್ಯಾಂಡಲ್‌ಗೆ ಅವರ ಸೆರಗು ಸಿಕ್ಕಿಕೊಂಡಿತು. ನಾನು ಓಡಿಹೋಗಿ ಬಿಡಿಸಿದೆ. "ನಿಧಾನಕ್ಕೆ ಹೋಗ್ತೀನಿ ಬಿಡಮ್ಮ, ಪರವಾಗಿಲ್ಲ" ಅಂದರು. ಅವರು ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ. ಬೆಂಕಿಗಿಂಕಿ ಬಿದ್ದರೆ ಇಡೀ ಕಟ್ಟಡಕ್ಕೆ ಇಳಿಯಲು ಇರುವುದು ಅದೊಂದೇ ದಾರಿ. ಅವತ್ತು ಸಂಜೆಯೇ ಸೈಕಲ್ ಒಳಗೆ ತಂದೆವು. ಮೆಟ್ಟಿಲು, ಕಾರಿಡಾರ್ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಅಲ್ಲಿ ಇಡಲೇಬೇಡಿ.

ಒಳಗೆ ತಂದ ಮೇಲೆ ಒಂದು ತಿಂಗಳು ಹಾಲ್‌ನಲ್ಲಿ ಸೋಫಾಗೆ ಒರಗಿಸಿ ಇಟ್ಟೆವು. ಮನೆಯವರ ಸೈಕಲ್‌ಗೆ ನನ್ನದು, ನನ್ನದಕ್ಕೆ ಮಗಳದು ಒರಗಿಕೊಂಡಿತ್ತು. ಹಿಂದಿನದು ಬೇಕಂದರೆ ಮುಂದಿನ ಎರಡೂ ತೆಗೆಯಬೇಕು. ಪೆಡಲ್ ಹೋಗಿ ಇನ್ನೊಂದರ ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ತಿಂಗಳು ಅವರು ಆಫೀಸಿಗೆ ಸೈಕಲ್‌ನಲ್ಲಿ ಹೋಗಿದ್ದು ಎರಡೇ ದಿನ. ಆಗಲೇ ನಾವಿಬ್ಬರೂ ಕೂತು ಮಾತಾಡಿ ಒಂದು ಲೆಕ್ಕ ಹಾಕಿಕೊಂಡೆವು. ಯಾವ ಸೈಕಲ್ ಆದರೂ ಒಂದು ನಿಮಿಷದಲ್ಲಿ, ಬೇರೆ ಏನನ್ನೂ ಮುಟ್ಟದೆ, ಬಾಗಿಲಾಚೆ ಇರಬೇಕು.

ಒಂದು ಭಾನುವಾರ ಟೇಪ್ ಹಿಡಿದು ಅಳೆದೆ. ನನ್ನದು ಹೈಬ್ರಿಡ್ ಸೈಕಲ್, ಡಾಂಬರು ರಸ್ತೆಗೂ ಮಣ್ಣಿನ ದಾರಿಗೂ ಆಗುವಂಥದ್ದು. ಉದ್ದ 175 ಸೆಂ.ಮೀ., ಹ್ಯಾಂಡಲ್ ಅಗಲ 60 ಸೆಂ.ಮೀ., ನೆಲದಿಂದ ಹ್ಯಾಂಡಲ್‌ವರೆಗೆ ಹತ್ತಿರ ಹತ್ತಿರ 105. ತೂಕ 14 ಕೆ.ಜಿ. ಗುಡ್ಡಗಾಡಿಗೆ ಮಾಡಿದ ದಪ್ಪ ಟೈರಿನ ಸೈಕಲ್ ಆದರೆ ಹ್ಯಾಂಡಲ್ಲೇ 70 ದಾಟುತ್ತದೆ. ಈ ಅಳತೆಯನ್ನು ರಂಗೋಲಿ ಪುಡಿಯಲ್ಲಿ ಹಾಲ್‌ನ ನೆಲದ ಮೇಲೆ ಬರೆದೆ. ಕಾಗದದ ಮೇಲೆ ಬರೆದರೆ ತಿಳಿಯದ್ದು ನೆಲದ ಮೇಲೆ ಬರೆದರೆ ತಿಳಿಯುತ್ತದೆ. ಇಡೋ ಜಾಗ ಮಾತ್ರ ಅಲ್ಲ, ಅಲ್ಲಿಂದ ಬಾಗಿಲಿಗೆ ಹೋಗೋ ದಾರಿಯೂ ಕಾಣುತ್ತದೆ. ಟಿವಿ ಪಕ್ಕ ಜಾಗ ಇತ್ತು, ಆದರೆ ಸೋಫಾ ಮತ್ತು ಟೀಪಾಯಿ ನಡುವೆ ಹ್ಯಾಂಡಲ್ ತಿರುಗುತ್ತಿರಲಿಲ್ಲ. ಅದನ್ನು ಬಿಟ್ಟೆವು.

ಗೋಡೆಗೆ ಅಡ್ಡಡ್ಡ ನೇತುಹಾಕಿದರೆ ಸೈಕಲ್ ಒಂದಡಿಯಷ್ಟೇ ಮುಂದೆ ಬರುತ್ತದೆ. ಆದರೆ ಉದ್ದಕ್ಕೆ ಆರಡಿ ಗೋಡೆ ಬೇಕು, ಪೂರ್ತಿ ತೂಕ ಎತ್ತಬೇಕು. ಮನೆಯವರಿಗೆ ಸೋಫಾದ ಮೇಲ್ಗಡೆ ಹಾಗೆ ಹಾಕುವ ಆಸೆ ಇತ್ತು. ನೋಡಲು ಚೆಂದ, ನಿಜ. ನಾನು ಐದಡಿ ಒಂದಿಂಚು. 14 ಕೆ.ಜಿ.ಯನ್ನು ಎದೆ ಮಟ್ಟಕ್ಕೆ ದಿನಾ ಎತ್ತಲು ನನ್ನ ಕೈಲಾಗಲ್ಲ ಅಂತ ಹೇಳಿದೆ. ಅವರು ಒಪ್ಪಿದರು. ನೆಲದಿಂದ ಸೂರಿಗೆ ಕಂಬ ಒತ್ತಿ ನಿಲ್ಲಿಸುವ ಸ್ಟ್ಯಾಂಡೂ ಸಿಗುತ್ತದೆ, ಗೋಡೆಗೆ ತೂತು ಬೇಡ. ಅಲ್ಲೂ ಮೇಲಿನ ಸೈಕಲ್ಲನ್ನು ಪೂರ್ತಿ ಎತ್ತಲೇಬೇಕು. ಜಿಪ್ಸಂ ಫಾಲ್ಸ್ ಸೀಲಿಂಗ್ ಇರೋ ಮನೆಗೆ ಅದು ಆಗಿಬರಲ್ಲ, ಒತ್ತಡಕ್ಕೆ ಸೀಲಿಂಗ್ ಒಡೆಯುತ್ತದೆ.

ಕೊನೆಗೆ ನಮಗೆ ಸರಿಹೋಗಿದ್ದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸುವುದು. ಜಾಗ ಎಲ್ಲಿ ಅಂತೀರಾ? ಮುಂಬಾಗಿಲ ಪಕ್ಕದಲ್ಲಿ, ಡೈನಿಂಗ್ ಅಂತ ಹೆಸರಿಗೆ ಬಿಟ್ಟಿದ್ದ ಮೂಲೆ. ನಾಲ್ಕಡಿ ಅಗಲ, ಐದಡಿ ಉದ್ದ. ಅಲ್ಲಿದ್ದ ಟೇಬಲ್ ಮೇಲೆ ನಾವು ಊಟ ಮಾಡಿದ್ದಕ್ಕಿಂತ ಕರೆಂಟ್ ಬಿಲ್ಲು, ಸೊಪ್ಪಿನ ಚೀಲ ಇಟ್ಟಿದ್ದೇ ಜಾಸ್ತಿ. ಊಟಕ್ಕೆ ಚಾಪೆ ಹಾಸಿ ಕೂರುವುದು ನಮಗೆ ಮೊದಲಿಂದ ರೂಢಿ. ಟೇಬಲ್ ನಾದಿನಿ ಮನೆಗೆ ಹೋಯಿತು.

ಓನರ್ ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ಗೋಡೆಗೆ ಎರಡು ಕೊಕ್ಕೆ ಹಾಕಿಸಬೇಕಿತ್ತು."

"ಏನಮ್ಮ, ಟಿವಿಗಾ?"

"ಅಲ್ಲ ಅಂಕಲ್, ಸೈಕಲ್‌ಗೆ."

ಅವರಿಗೆ ಅರ್ಥವಾಗಲಿಲ್ಲ. ಸಂಜೆ ತಾವೇ ಬಂದು ನೋಡಿದರು. ಖಾಲಿ ಮಾಡುವಾಗ ತೂತು ಮುಚ್ಚಿ ಬಣ್ಣ ಹೊಡೆಸಿಕೊಡಿ, ಸಾಕು ಅಂದರು. ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅವರಿಂದ 'ಓಕೆ' ಹಾಕಿಸಿಕೊಂಡೆ. ಬೆಂಗಳೂರಲ್ಲಿ ಹೇಗೂ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿ. ಆದರೂ ಕೇಳಿಯೇ ಮಾಡಿ, ಮನಸ್ಸಿಗೆ ನೆಮ್ಮದಿ.

ಕೊಕ್ಕೆಗಳನ್ನು ಎಸ್‌ಜೆಪಿ ರೋಡ್‌ನ ಹಾರ್ಡ್‌ವೇರ್ ಅಂಗಡಿಯಿಂದ ತಂದೆವು. ರಬ್ಬರ್ ಹೊದಿಸಿದ ಗಟ್ಟಿ ಕಬ್ಬಿಣದ ಕೊಕ್ಕೆ. ಬರಿ ಕಬ್ಬಿಣ ಆದರೆ ರಿಮ್ಮಿಗೆ ಗೀರು ಬೀಳುತ್ತದೆ. ಡ್ರಿಲ್ ಮಾಡುವ ಅಣ್ಣ ಶನಿವಾರ ಬಂದರು. ಅವರ ಕೆಲಸ ನೋಡುತ್ತಾ ನಾನು ಕಲಿತದ್ದು ಬಹಳ.

ಮೊದಲು ಅವರು ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋದರು. ಸ್ವಿಚ್‌ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಬೇಡವೇ ಬೇಡ ಅಂದರು. ವೈರಿನ ಪೈಪು ಅಲ್ಲೇ ಇಳಿದಿರುತ್ತದೆ. ಬಾತ್‌ರೂಮ್ ಹಿಂದಿನ ಗೋಡೆಯೂ ಬೇಡ, ನೀರಿನ ಪೈಪು. ನಾವು ಆರಿಸಿದ್ದು ಹೊರಗೋಡೆ, ಆರಿಂಚಿನ ಸಿಮೆಂಟ್ ಬ್ಲಾಕಿನದು. ಡ್ರಿಲ್ ಬಿಟ್ ಒಳಗೆ ಹೋದ ಹಾಗೆ ಉದುರುವ ಪುಡಿಯ ಬಣ್ಣ ಬದಲಾಗುತ್ತದೆ. ಮೊದಲು ಬಿಳಿ, ಅದು ಪುಟ್ಟಿ. ಆಮೇಲೆ ನುಣ್ಣನೆ ಬೂದಿ ಬಣ್ಣ, ಅದು ಗಾರೆ. ಆಮೇಲೆ ತರಿತರಿಯಾದ ಕಪ್ಪು ಬೂದಿ, ಅದು ಬ್ಲಾಕು. ಕೆಂಪು ಪುಡಿ ಬಂದರೆ ಇಟ್ಟಿಗೆ ಅಂತ ಲೆಕ್ಕ. ಅರ್ಧ ಇಂಚಿನ ಗಾರೆ ತೂಕ ತಡೆಯುವುದಿಲ್ಲ. ಸ್ಕ್ರೂ ಬಿಗಿಯಾಗಿ ಕೂರಲು ತೂತಿನೊಳಗೆ ತುರುಕುವ ಪ್ಲಗ್ ಪೂರ್ತಿ ಬ್ಲಾಕಿನೊಳಗೇ ಕೂರಬೇಕು. ನಾವು ಹಾಕಿಸಿದ್ದು 10 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ನೈಲಾನ್ ಪ್ಲಗ್. ತೂತು 65 ಮಿ.ಮೀ. ಆಳ. ಅಷ್ಟು ಉದ್ದಕ್ಕೆ ಬಿಟ್ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿಕೊಂಡರು. ತೂತಿನ ಧೂಳು ತೆಗೆಯಲು ನಮ್ಮ ಸೈಕಲ್ ಪಂಪೇ ಕೆಲಸಕ್ಕೆ ಬಂತು. ಧೂಳು ಉಳಿದರೆ ಪ್ಲಗ್ ಬಿಗಿಯಾಗಿ ಹಿಡಿಯುವುದಿಲ್ಲ.

ಮೊದಲನೇ ತೂತು ಎರಡು ಬ್ಲಾಕಿನ ನಡುವಿನ ಸಂದಿಗೆ ಬಿತ್ತು. ಪ್ಲಗ್ ಹಾಕಿದರೆ ಸುಮ್ನೆ ತಿರುಗುತ್ತಿತ್ತು. "ಇದು ನಿಲ್ಲಲ್ಲ ಮೇಡಂ" ಅಂತ ಅವರೇ ಹೇಳಿ ಮುಚ್ಚಿದರು, ಎರಡಿಂಚು ಮೇಲೆ ಹೊಸದು ಕೊರೆದರು. ಕೆಲಸ ಆಗುವಾಗ ಪಕ್ಕದಲ್ಲಿ ನಿಂತು ನೋಡುವುದು ಇದಕ್ಕೇ ಒಳ್ಳೆಯದು.

ಸೈಕಲ್ ಹಾಕುವ ಮೊದಲು ಪರೀಕ್ಷೆ ಮಾಡಿದೆವು. 25 ಕೆ.ಜಿ. ಸೋನಾಮಸೂರಿ ಅಕ್ಕಿ ಮೂಟೆಗೆ ಹಗ್ಗ ಕಟ್ಟಿ ಒಂದೊಂದು ಕೊಕ್ಕೆಗೂ ಒಂದೊಂದು ರಾತ್ರಿ ನೇತುಹಾಕಿದೆವು. ಕೊಕ್ಕೆಯ ಬುಡದಲ್ಲಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದಿದ್ದೆ. ಬೆಳಿಗ್ಗೆ ಗೆರೆ ಎಳೆದಲ್ಲೇ ಇತ್ತು, ಗಾರೆಯಲ್ಲಿ ಬಿರುಕಿಲ್ಲ. ಆಮೇಲೇ ಸೈಕಲ್ ಹಾಕಿದ್ದು. ಮಗು ಓಡಾಡುವ ಮನೆ, ಇಷ್ಟು ನೋಡಲೇಬೇಕು.

ಕೊಕ್ಕೆಯ ಎತ್ತರಕ್ಕೆ ಪುಸ್ತಕದ ಲೆಕ್ಕ ಬೇಡ. ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ಗೋಡೆಗೆ ನಿಲ್ಲಿಸಿ. ಮುಂದಿನ ಚಕ್ರದ ತುದಿಯಲ್ಲಿ ರಿಮ್ಮಿನ ಒಳಅಂಚು ಎಲ್ಲಿ ಬರುತ್ತದೋ ಗುರುತು ಮಾಡಿ. ಅದಕ್ಕಿಂತ ಎರಡಿಂಚು ಮೇಲೆ ಕೊಕ್ಕೆ. ನನ್ನದಕ್ಕೆ ಅದು 5 ಅಡಿ 9 ಇಂಚಿಗೆ ಬಂತು. ಇದರ ಲಾಭ ಏನಂದರೆ ಸೈಕಲ್ಲನ್ನು ಎರಡಿಂಚು ಎತ್ತಿದರೆ ಸಾಕು. ಹಿಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಹಿಂದಕ್ಕೆ ಎಳೆದರೆ ಸೈಕಲ್ ತಾನೇ ಕುದುರೆ ಥರ ಏಳುತ್ತದೆ. ಬ್ರೇಕ್ ಬಿಟ್ಟು, ಹಿಂದಿನ ಚಕ್ರದ ಮೇಲೇ ಉರುಳಿಸಿಕೊಂಡು ಗೋಡೆಗೆ ತರಬೇಕು. ಸೀಟಿನ ಅಡಿಗೆ ತೊಡೆ ಕೊಟ್ಟು ಚೂರು ಮೇಲೆ ತಳ್ಳಿದರೆ ಕೊಕ್ಕೆಗೆ ಕೂತಿತು. ಮೂರು ದಿನದಲ್ಲಿ ಕೈಗೆ ಬಂದುಬಿಡುತ್ತದೆ.

ಎರಡು ಸೈಕಲ್ ಪಕ್ಕಪಕ್ಕ ಹಾಕಿದಾಗ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುತ್ತದೆ. ಅದಕ್ಕೆ ನನ್ನದನ್ನು ಮುಂದಿನ ಚಕ್ರದಿಂದ, ಅವರದನ್ನು ಹಿಂದಿನ ಚಕ್ರದಿಂದ ನೇತುಹಾಕಿದ್ದೇವೆ. ಒಂದರ ಹ್ಯಾಂಡಲ್ ಮೇಲೆ, ಇನ್ನೊಂದರದು ಕೆಳಗೆ. ಕೊಕ್ಕೆಗಳ ನಡುವೆ 42 ಸೆಂ.ಮೀ. ಸಾಕಾಯಿತು. ಇಲ್ಲದಿದ್ದರೆ 60ಕ್ಕಿಂತ ಜಾಸ್ತಿ ಬೇಕಿತ್ತು, ನಾಲ್ಕಡಿಯಲ್ಲಿ ಎರಡು ಸೈಕಲ್ ಉಸಿರುಗಟ್ಟಿ ಕೂರುತ್ತಿದ್ದವು. ಹಿಂದಿನ ಚಕ್ರದಿಂದ ಹಾಕುವುದು ಸ್ವಲ್ಪ ಕಷ್ಟ, ಅದನ್ನು ಎತ್ತರದವರಿಗೇ ಬಿಟ್ಟಿದ್ದೇನೆ.

ಎಣ್ಣೆಯ ಡಿಸ್ಕ್ ಬ್ರೇಕ್ ಇರುವ ಸೈಕಲ್ ಆದರೆ ಒಂದು ಎಚ್ಚರ. ನೇತುಹಾಕಿದಾಗ ಬ್ರೇಕಿನ ಎಣ್ಣೆಯಲ್ಲಿ ಎಲ್ಲಾದರೂ ಗಾಳಿಗುಳ್ಳೆ ಇದ್ದರೆ ಜಾಗ ಬದಲಿಸುತ್ತದೆ. ಇಳಿಸಿದ ಮೇಲೆ ಬ್ರೇಕ್ ಮೆತ್ತಗಾಗಿರಬಹುದು. ಮನೆಯಿಂದ ಹೊರಡುವ ಮೊದಲು ನಾಲ್ಕು ಸಲ ಒತ್ತಿ ನೋಡಿ. ಗಟ್ಟಿಯಾಗದಿದ್ದರೆ ತುಳಿಯಬೇಡಿ, ಅಂಗಡಿಗೆ ತೋರಿಸಿ.

ಗೋಡೆಗೆ ಟೈರಿನ ಕಪ್ಪು ಹತ್ತದ ಹಾಗೆ ಪ್ಲೈವುಡ್ ಅಂಗಡಿಯಿಂದ ಎರಡು ಸನ್‌ಮೈಕಾ ತುಂಡು ತಂದು ಅಂಟಿಸಿದೆವು. ಕೆಳಗೆ ಹಳೇ ಯೋಗಾ ಮ್ಯಾಟ್. ಮಳೆಗಾಲದಲ್ಲಿ ಸೈಕಲ್ಲನ್ನು ಕೆಳಗೇ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ ಮೇಲೆ ತರುತ್ತೇವೆ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಹೆಚ್ಚಿನದನ್ನು ಒರೆಸದಿದ್ದರೆ ಮಾರನೇ ದಿನ ಮ್ಯಾಟ್ ಮೇಲೆ ಹನಿ. ಮೆಟ್ಟಿಲಲ್ಲಿ ಹೊರುವಾಗ ಸೈಕಲ್ಲಿನ ಎಡಕ್ಕೆ ನಿಂತು ಫ್ರೇಮನ್ನು ಬಲ ಹೆಗಲ ಮೇಲೆ ಹಾಕಿಕೊಳ್ಳಿ. ಚೈನು ಬಲಗಡೆ ಇರುತ್ತದೆ, ಬಟ್ಟೆಗೆ ತಾಗಲ್ಲ.

ಹ್ಯಾಂಡಲ್‌ನ ಬೋಲ್ಟ್ ಸಡಿಲಿಸಿ ತಿರುಗಿಸಿ ಇಡಿ, ಪೆಡಲ್ ಕಿತ್ತಿಡಿ ಅಂತ ಕೆಲವರು ಹೇಳುತ್ತಾರೆ. ಜಾಗ ಉಳಿಯುತ್ತದೆ, ನಿಜ. ಆದರೆ ತುಳಿಯುವಾಗೆಲ್ಲ ಮತ್ತೆ ಬಿಗಿಮಾಡಬೇಕು. ಆರು ತಿಂಗಳು ಊರಿಗೆ ಹೋಗುವವರಿಗೆ ಅದು ಸರಿ. ಹಾಗೆ ಕೀಳುವುದಿದ್ದರೆ ಎಡ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆ ಅನ್ನೋದು ನೆನಪಿರಲಿ.

ಮಗಳ ಸೈಕಲ್ ನೆಲದ ಮೇಲೇ ಇದೆ, ಬಾಗಿಲ ಇನ್ನೊಂದು ಪಕ್ಕ. ಚಪ್ಪಲಿ ಸ್ಟ್ಯಾಂಡನ್ನು ಗೋಡೆಗೆ ಏರಿಸಿ ಕೆಳಗೆ ಅವಳಿಗೆ ಜಾಗ ಮಾಡಿದೆವು. ಅವಳೇ ತೆಗೆಯಬೇಕು, ಅವಳೇ ಇಡಬೇಕು. ನಾನು ಮೆಟ್ಟಿಲಿಳಿಸಿ ಕೊಡುತ್ತೇನೆ, ಅಷ್ಟೇ. ಎಲ್ಲ ಸೇರಿ, ಡ್ರಿಲ್ ಅಣ್ಣನ ಕೂಲಿಯೂ ಸೇರಿ, ಖರ್ಚಾಗಿದ್ದು ಸಾವಿರದ ಇನ್ನೂರು ರೂಪಾಯಿ. ಈಗ ಭಾನುವಾರ ಮೂವರೂ ತುರಹಳ್ಳಿ ಕಡೆ ಹೊರಟರೆ, ಬಾಗಿಲು ತೆರೆದ ಮೂರು ನಿಮಿಷಕ್ಕೆ ಮೂರೂ ಸೈಕಲ್ ಹೊರಗೆ.

ಹೋದ ಆಯುಧಪೂಜೆಗೆ ಗೋಡೆ ಮೇಲಿದ್ದ ಸೈಕಲ್ಲುಗಳಿಗೆ ಹಾಗೇ ಚೆಂಡುಹೂವಿನ ಹಾರ ಹಾಕಿ ಕುಂಕುಮ ಇಟ್ಟೆವು. ಮಗಳು ತನ್ನದಕ್ಕೆ ಹಾರ ಹಾಕುತ್ತಾ, "ಅಮ್ಮಾ, ನನ್ನ ಸೀಟು ಇನ್ನೂ ಮೇಲಕ್ಕೆ ಬರಲ್ಲ, ನೋಡು" ಅಂದಳು. ಬರುವ ವರ್ಷ ಇಪ್ಪತ್ನಾಲ್ಕು ಇಂಚಿನದು ಬೇಕು. ಅವತ್ತು ಸಂಜೆಯೇ ನನ್ನ ಕೊಕ್ಕೆಯ ಎಡಕ್ಕೆ ಗೋಡೆ ಕುಟ್ಟಿ ನೋಡಿದೆ. ಸಂದಿ ಎಲ್ಲಿದೆ ಅಂತ ಈಗ ಗೊತ್ತು. ಅದನ್ನು ಬಿಟ್ಟು, ಅವಳ ಕೈಗೆಟುಕುವ ಎತ್ತರಕ್ಕೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಟ್ಟಿದ್ದೇನೆ.