ಪ್ಲಾಸ್ಮಾ ಕೋವಿಗೆ ಬೆಳಕು ಹಚ್ಚುವ ಕೆಲಸ

ಮೇಜಿನ ಮೇಲೆ ಬೊಂಬೆಗಳನ್ನಿಟ್ಟು ಆಡುವ ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದ ಸೈನಿಕನೊಬ್ಬ ಕಿರುಬೆರಳಿನಷ್ಟೂ ಎತ್ತರವಿಲ್ಲ. ಅವನ ಕೈಯಲ್ಲಿರುವ ಪ್ಲಾಸ್ಮಾ ಕೋವಿಯ ಬೆನ್ನ ಮೇಲೆ ಸುರುಳಿ ಸುತ್ತಿದಂಥ ಏಣುಗಳಿವೆ. ಆ ಏಣುಗಳ ನಡುವಿನ ಸಂದುಗಳಲ್ಲಿ ಉರಿಯುವ ಅನಿಲ ತುಂಬಿಕೊಂಡಿದೆ, ಇನ್ನೇನು ಸಿಡಿಯಲಿದೆ ಎಂದು ಮೇಜಿನ ಆಚೆ ಕುಳಿತ ಆಟಗಾರನಿಗೆ ಅನ್ನಿಸಬೇಕು. ಆಟದ ನಿಯಮವೂ ಅದಕ್ಕೆ ತಕ್ಕಂತಿದೆ: ಈ ಕೋವಿಯನ್ನು ಮಿತಿ ಮೀರಿ ಕಾಯಿಸಿ ಹಾರಿಸಿದರೆ, ದಾಳ ಕೈಕೊಟ್ಟಾಗ ಹಿಡಿದವನೇ ಸಾಯಬಹುದು. ಕಾರವಾರದ ಮನೆಯಲ್ಲಿ ಕುಳಿತು ಹಲವು ವರ್ಷಗಳಿಂದ ಈ ಬೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಕವಚ, ಬಟ್ಟೆ, ಮುಖ ಎಲ್ಲವೂ ಇಷ್ಟವೇ. ಆದರೆ ನಾನು ಮನಸಾರೆ ಕಾಯುವುದು ಕೋವಿಯ ಸರದಿಗಾಗಿ.

ಬೊಂಬೆಯ ಉಳಿದ ಭಾಗಗಳಿಗೆಲ್ಲ ಒಂದು ಪದ್ಧತಿ ಇದೆ. ಉಬ್ಬಿದ ಅಂಚುಗಳಿಗೆ ತಿಳಿಬಣ್ಣ, ತಗ್ಗುಗಳಿಗೆ ಗಾಢ ಬಣ್ಣ. ಮೇಲಿನಿಂದ ಬೀಳುವ ಬೆಳಕು ಹಾಗೆಯೇ ಕೆಲಸ ಮಾಡುತ್ತದೆ. ತಾನೇ ಬೆಳಗುವ ವಸ್ತುವಿನಲ್ಲಿ ಇದು ತಲೆಕೆಳಗಾಗುತ್ತದೆ. ಬೆಳಕು ಒಳಗಿದೆ, ಆದ್ದರಿಂದ ಸಂದಿನ ಆಳವೇ ಅತ್ಯಂತ ಪ್ರಖರ. ಹೊರಗಿನ ಏಣು ಅದನ್ನು ಮರೆಮಾಡುವುದರಿಂದ ಅದೇ ಗಾಢ. ಕೈಗೆ ರೂಢಿಯಾದದ್ದನ್ನು ಇಲ್ಲಿ ಬೇಕೆಂದೇ ಬಿಡಬೇಕಾಗುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಸುರುಳಿಯ ಭಾಗಕ್ಕಷ್ಟೇ ತೆಳುವಾದ ಬಿಳಿ ಬಣ್ಣವನ್ನು ಎರಡು ಮೂರು ಪದರಗಳಲ್ಲಿ ಕೊಡುತ್ತೇನೆ. ಅದು ಪೂರ್ತಿ ಒಣಗಿದ ಮೇಲೆ ಹಸಿರು ಮಿಶ್ರಿತ ತಿಳಿನೀಲಿಯನ್ನು ನೀರಿನಂತೆ ತೆಳು ಮಾಡಿ ಇಡೀ ಸುರುಳಿಯ ಮೇಲೆ ಬಿಡುತ್ತೇನೆ. ನಂತರ ಬ್ರಷ್‌ನ ತುದಿಯನ್ನು ಬಳಸದೆ, ಅದರ ಪಕ್ಕೆಯಿಂದ ಏಣುಗಳ ನೆತ್ತಿಯನ್ನು ಮಾತ್ರ ಗಾಢ ನೀಲಿಯಿಂದ ಸವರುತ್ತೇನೆ. ಕೊನೆಗೆ ಬಿಳಿ ಶಾಯಿ. ಅದರ ಒಂದು ಸಣ್ಣ ಹನಿಯನ್ನು ಸಂದಿನ ಒಂದು ತುದಿಗೆ ಮುಟ್ಟಿಸಿದರೆ ಸಾಕು, ತಾನೇ ಸಂದಿನುದ್ದಕ್ಕೂ ಹರಿದು ಆಳದಲ್ಲಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಕೋವಿಗೆ ಜೀವ ಬರುತ್ತದೆ. ಎಷ್ಟು ಬೊಂಬೆ ಮಾಡಿದರೂ ಇದನ್ನು ನೋಡುವ ಖುಷಿ ನನಗೆ ಮಾಸಿಲ್ಲ.

ನಡುವೆ ಬಿಳಿಯೇ ಏಕೆ, ನೀಲಿಯೇ ಇರಬಾರದೇ ಎಂದು ಹೊಸಬರು ಕೇಳುತ್ತಾರೆ. ಬೈತಕೋಲ ಬಂದರಿನಲ್ಲಿ ದೋಣಿಗಳಿಗೆ ವೆಲ್ಡಿಂಗ್ ಮಾಡುವುದನ್ನು ದೂರದಿಂದ ಮೊಬೈಲ್‌ನಲ್ಲಿ ಸೆರೆಹಿಡಿದು ನೋಡಿ (ಬರಿಗಣ್ಣಿನಿಂದ ಖಂಡಿತ ನೋಡಬೇಡಿ). ಕಿಡಿಯ ನಡುವೆ ಬಣ್ಣವೇ ಇಲ್ಲ, ಅಚ್ಚ ಬಿಳಿ. ನೀಲಿ ಕಾಣುವುದು ಅದರ ಸುತ್ತ. ತೀರಾ ಪ್ರಖರವಾದುದರಲ್ಲಿ ಕಣ್ಣಿಗೂ ಕ್ಯಾಮೆರಾಕ್ಕೂ ಬಣ್ಣ ಗುರುತಿಸಲು ಆಗುವುದಿಲ್ಲ. ಹಾಗಾಗಿ ಬಿಳಿ, ಅದರ ಸುತ್ತ ಬಣ್ಣ, ಅದರಾಚೆ ಕಪ್ಪಿನ ಕಡೆಗೆ ವಾಲಿದ ಅದೇ ಬಣ್ಣ ಎಂಬ ಕ್ರಮವನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಇಷ್ಟಾದರೆ ಕೋವಿ ಹೊಳೆಯುತ್ತದೆ. ಆದರೆ ಹಿಡಿದವನ ಮೈಮೇಲೆ ಆ ಬೆಳಕು ಬೀಳದಿದ್ದರೆ ಅದು ಅಂಟಿಸಿದ ಕಾಗದದಂತೆ ಬೇರೆಯಾಗಿಯೇ ಉಳಿಯುತ್ತದೆ. ಬೆಳಕು ಬೀಳುವ ಜಾಗಗಳನ್ನು ಊಹಿಸಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಮೂರು ವೋಲ್ಟಿನ ಬಿಲ್ಲೆಯಾಕಾರದ ಬ್ಯಾಟರಿಗೆ ಒಂದು ನೀಲಿ ಎಲ್‌ಇಡಿಯ ಕಾಲುಗಳನ್ನು ಸಿಕ್ಕಿಸಿ, ಪ್ರೈಮರ್ (ಅಡಿಬಣ್ಣ) ಮಾತ್ರ ಹಚ್ಚಿದ ಬೂದು ಬೊಂಬೆಯ ಕೋವಿಯ ಪಕ್ಕ ಹಿಡಿದು, ಕೋಣೆಯ ದೀಪ ಆರಿಸಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯುತ್ತೇನೆ. ಅದೇ ನನ್ನ ನಕಾಶೆ. ಬೆರಳುಗಳ ಒಳಮೈ, ಎದೆಯ ಒಂದು ಪಕ್ಕ, ಶಿರಸ್ತ್ರಾಣದ ಕೆಳ ಅಂಚು, ತೊಡೆಯ ಮೇಲೊಂದು ಚಿಕ್ಕ ತುಣುಕು ಬೆಳಗುತ್ತವೆ. ಭುಜದ ಹಿಂಭಾಗಕ್ಕೆ ಏನೂ ತಲುಪುವುದಿಲ್ಲ. ಬಿಂದುವಿನಂಥ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಇಷ್ಟು ಚಿಕ್ಕ ಬೊಂಬೆಯಲ್ಲಿ ಇದರರ್ಥ, ಪ್ರಖರವಾದ ಬಣ್ಣ ಕೆಲವೇ ಮಿಲಿಮೀಟರ್‌ಗಳಲ್ಲಿ ಮುಗಿದುಹೋಗಬೇಕು.

ಕವಚದ ಮೇಲಿನ ಈ ಬೆಳಕಿಗೆ ಒಂದು ಪಾಲು ಬಣ್ಣಕ್ಕೆ ಐದಾರು ಪಾಲು ನೀರು ಮತ್ತು ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಂಟುದ್ರವ) ಬೆರೆಸುತ್ತೇನೆ. ಬ್ರಷ್‌ನಲ್ಲಿ ತುಂಬಿದ್ದನ್ನು ಟಿಶ್ಯೂ ಕಾಗದಕ್ಕೆ ಒರೆಸಿ, ಅದು ತೇವವಾಗಿ ಮಾತ್ರ ಉಳಿದಾಗ ಬೊಂಬೆಗೆ ಮುಟ್ಟಿಸಬೇಕು. ಎಳೆಯುವ ದಿಕ್ಕು ಬಹಳ ಮುಖ್ಯ. ಎಳೆತ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಣ್ಣ ಹೆಚ್ಚು ಸೇರುತ್ತದೆ. ಹಾಗಾಗಿ ಕತ್ತಲ ಕಡೆಯಿಂದ ಹೊರಟು ಕೋವಿಯ ಕಡೆಗೆ ಎಳೆದು ಬ್ರಷ್ ಎತ್ತುತ್ತೇನೆ. ಅದು ಒಣಗಿದ ಮೇಲೆ ಮುಂದಿನ ಪದರವನ್ನು ಇನ್ನಷ್ಟು ಹತ್ತಿರದಿಂದ ಆರಂಭಿಸುತ್ತೇನೆ. ಕವಚದ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಚ್ಚ ಕೆಂಪು ಮೈ ನೀಲಿ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಅಲ್ಲಿ ನೀಲಿಯನ್ನೇ ಹಚ್ಚಿದರೆ ಕಲೆ ಬಿದ್ದಂತೆ ಕಾಣುತ್ತದೆ, ನೇರಳೆಯ ಕಡೆಗೆ ತಿರುಗಿಸಿದರೆ ನಂಬಬಹುದು. ಬೂದು, ಕಪ್ಪು, ಕಡುನೀಲಿ ಕವಚಗಳು ಈ ಕೆಲಸಕ್ಕೆ ಒಗ್ಗುತ್ತವೆ. ಕಡುನೀಲಿ ಸೈನಿಕನ ಕೈಯಲ್ಲಿ ಕಿತ್ತಳೆ ಪ್ಲಾಸ್ಮಾ ಕೊಟ್ಟು ನೋಡಿ, ಅದರಷ್ಟು ಚೆಲುವಾದ ಜೋಡಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದೆಲ್ಲದರ ಬೇರು ಇರುವುದು ಕತ್ತಲಿನಲ್ಲಿ. ನಮ್ಮ ಕಡಲಿನಲ್ಲಿ ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ಹೆಚ್ಚಾದಾಗ ರಾತ್ರಿ ಅಲೆಗಳು ನೀಲಿಯಾಗಿ ಮಿಂಚುತ್ತವೆ. ಟ್ಯಾಗೋರ್ ಕಡಲತೀರದಲ್ಲಿ ಬೀದಿದೀಪದ ಕೆಳಗೆ ನಿಂತವನಿಗೆ ಅದು ಕಾಣುವುದೇ ಕಷ್ಟ; ದೀಪವಿಲ್ಲದ ಕಡೆ ನಡೆದರೆ ಅದೇ ಅಲೆ ಬೆರಗು ಹುಟ್ಟಿಸುತ್ತದೆ. ಬೊಂಬೆಯಲ್ಲೂ ಹಾಗೆಯೇ. ಹೊಳಪು ಸಾಲದೆನಿಸಿದಾಗ ನಾನು ಬಿಳಿಯನ್ನು ಹೆಚ್ಚಿಸುವುದಿಲ್ಲ, ಸುತ್ತಲಿನ ಕವಚವನ್ನು ಒಂದು ಮೆಟ್ಟಿಲು ಗಾಢ ಮಾಡುತ್ತೇನೆ. ಕೋವಿಯ ಹತ್ತಿರದ ಬೇರೆಲ್ಲ ತಿಳಿ ಅಂಚುಗಳನ್ನೂ ತಗ್ಗಿಸುತ್ತೇನೆ, ಬಿಳಿ ಎನ್ನುವುದು ಅಲ್ಲಿ ಸಂದಿನೊಳಗೆ ಮಾತ್ರ ಉಳಿಯುವಂತೆ.

ಕರಾವಳಿಯ ಹವೆಯ ಮಾತು ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯ ಸ್ಪ್ರೇ ಪ್ರೈಮರ್ ಮುಟ್ಟುವುದಿಲ್ಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿಯೇ ಕೂತು ಬಿಳಿ ಮಂಜು ಕವಿದಂತಾಗುತ್ತದೆ. ಆ ತಿಂಗಳುಗಳಲ್ಲಿ ಬ್ರಷ್‌ನಿಂದಲೇ ಪ್ರೈಮರ್ ಹಚ್ಚುತ್ತೇನೆ. ಬಣ್ಣ ನಿಧಾನವಾಗಿ ಒಣಗುವುದು ಮಾತ್ರ ವರ, ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸಲು ಸಮಯ ಸಿಗುತ್ತದೆ. ಬಣ್ಣ ಬೆರೆಸಲು ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಪೇಪರ್ ಹಾಸಿದ ತಟ್ಟೆಯಲ್ಲಿ ಬೂಸ್ಟು ಬೇಗ ಬರುತ್ತದೆ. ಸ್ಪಂಜಿನ ಕೆಳಗೆ ತಾಮ್ರದ ತಂತಿಯ ತುಂಡು ಇಟ್ಟರೆ ಅದು ತಗ್ಗುತ್ತದೆ.

ಏರ್‌ಬ್ರಷ್ ಕಲಿತದ್ದು ಚೌತಿಗೆ ಗಣಪತಿ ಮೂರ್ತಿ ಮಾಡುವವರ ಮನೆಯಲ್ಲಿ. ಮೂರ್ತಿಯ ಕೆನ್ನೆಗೆ, ಪೀತಾಂಬರದ ಮಡಿಕೆಗೆ ಅವರು ಬಣ್ಣ ಊದುವಾಗ ಒಂದು ಗಡಿಯೂ ಕಾಣುವುದಿಲ್ಲ. ಅಲ್ಲಿಯ ಹಿರಿಯರು ಕಂಪ್ರೆಸರ್ ಕೈಗೆ ಕೊಡುವ ಮೊದಲು ಹೇಳಿದ ಮಾತು: “ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ ತಮ್ಮಾ, ಮೊದಲು ಕೆಳಗಿನ ತಿರುಪು ಬಿಚ್ಚಿ ಅದನ್ನು ಹೊರಗೆ ಬಿಡು.” ಒತ್ತಿದ ಗಾಳಿಯಿಂದ ನೀರು ಬೇರ್ಪಡುವುದು ಇಲ್ಲಿನ ಹವೆಯಲ್ಲಿ ಬಹಳ ಹೆಚ್ಚು, ಒಂದು ಹನಿ ನಳಿಕೆಯಿಂದ ಚಿಮ್ಮಿದರೂ ಮೃದುವಾದ ಹೊಳಪಿನ ನಡುವೆ ಚುಕ್ಕೆ. ಅವರ ಮಾತನ್ನು ಇಂದಿಗೂ ಪಾಲಿಸುತ್ತೇನೆ. 0.3 ಮಿಲಿಮೀಟರ್ ನಳಿಕೆ, ಹದಿನೈದು ಪಿಎಸ್‌ಐ ಒಳಗಿನ ಒತ್ತಡ, ತೆಳು ಬಣ್ಣ: ದೊಡ್ಡ ಯುದ್ಧಯಂತ್ರಗಳ ಫಿರಂಗಿಗೆ ಇದು ಸೊಗಸು. ಚಿಕ್ಕ ಸೈನಿಕನಿಗೆ ಬ್ರಷ್ಷೇ ವಾಸಿ.

ಇದೇ ಆಟದ, ಅಲಗೇ ಬೆಳಗುವ ಶಕ್ತಿ ಖಡ್ಗದ (ಪವರ್ ಸ್ವೋರ್ಡ್) ದಾರಿ ಸ್ವಲ್ಪ ಬೇರೆ. ಅಲಗಿನ ಒಂದು ಮುಖದಲ್ಲಿ ಹಿಡಿಯ ಕಡೆ ಗಾಢ, ತುದಿಗೆ ತಿಳಿ. ಇನ್ನೊಂದು ಮುಖದಲ್ಲಿ ಅದರ ವಿರುದ್ಧ. ನಡುವಿನ ಏಣಿನಲ್ಲಿ ಎರಡೂ ಎದುರಾದಾಗ ಅಲಗು ಹರಿತವಾಗುತ್ತದೆ. ಮಿಂಚಿನ ಗೆರೆಗಳನ್ನು ಕೆಲವೇ ಕಡೆ, ಕವಲೊಡೆಯುವಂತೆ ಎಳೆಯುತ್ತೇನೆ, ಕವಲಿನ ಗಂಟಿನಲ್ಲಿ ಮಾತ್ರ ಬಿಳಿ ಚುಕ್ಕೆ. ಕಾದ ನಳಿಕೆಯ ಕೋವಿಗಳಿಗೆ ಹಳೆಯ ಬೈಕಿನ ಸೈಲೆನ್ಸರ್ ನೋಡಿದರೆ ಸಾಕು: ಅತಿ ಬಿಸಿಯಾದ ಕಡೆ ನೀಲಿ, ನಂತರ ನೇರಳೆ, ದೂರದಲ್ಲಿ ಒಣಹುಲ್ಲಿನ ಹಳದಿ.

ಫ್ಲೋರೆಸೆಂಟ್ ಬಣ್ಣಗಳನ್ನು ಬಳಸುತ್ತೇನೆ, ಮಿತವಾಗಿ. ಅವು ಪಾರದರ್ಶಕ, ಅಡಿಯಲ್ಲಿ ಬಿಳಿ ಇಲ್ಲದಿದ್ದರೆ ಎದ್ದು ಕಾಣುವುದಿಲ್ಲ. ಬಿಸಿಲು ಬಿದ್ದರೆ ಬೇಗ ಮಾಸುತ್ತವೆ. ಅದಕ್ಕೇ ಅವನ್ನು ಕೊನೆಯ ತೆಳುಪದರವಾಗಿ ಮಾತ್ರ ಕೊಟ್ಟು, ಬೊಂಬೆಗಳನ್ನು ಕಿಟಕಿಯಿಂದ ದೂರದ ಕಪಾಟಿನಲ್ಲಿ ಇಡುತ್ತೇನೆ. ಮೈಗೆಲ್ಲ ಹೊಳಪಿಲ್ಲದ ವಾರ್ನಿಷ್ ಹಚ್ಚಿ, ಅದು ಒಣಗಿದ ಮರುದಿನ ಸುರುಳಿಗೂ ಗುರಿಗಾಜಿಗೂ ಮಾತ್ರ ಹೊಳೆಯುವ ವಾರ್ನಿಷ್ಷನ್ನು ಸಣ್ಣ ಬ್ರಷ್‌ನಿಂದ ಮುಟ್ಟಿಸುತ್ತೇನೆ.