ಚಿಪ್ಪು ತೊಳೆದು ಕಡಲಿನ ಬಿಸಿ ಅಳೆದ ಬಗೆ

ಕಳೆದ ಹಿಮಯುಗದ ಕಡುಚಳಿಯ ಕಾಲದಿಂದ, ಅಂದರೆ ಸುಮಾರು 21,000 ವರ್ಷಗಳಿಂದ ಈಚೆಗೆ, ಅರಬ್ಬಿ ಸಮುದ್ರದ ಮೇಲ್ಪದರ ಎಷ್ಟು ಬೆಚ್ಚಗಾಯಿತು ಎಂಬುದು ನನ್ನ ಸಂಶೋಧನೆಯ ಪ್ರಶ್ನೆಯಾಗಿತ್ತು. ಉತ್ತರವಿದ್ದದ್ದು ಕಡಲ ತಳದ ಕೆಸರಿನಲ್ಲಿ ಹೂತಿದ್ದ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪಿನಲ್ಲಿ. ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಚಿಪ್ಪು ಕಟ್ಟಿಕೊಳ್ಳುವಾಗ ಇವು ಅಲ್ಪ ಪ್ರಮಾಣದ ಮೆಗ್ನೀಸಿಯಂ ಅನ್ನೂ ಸೇರಿಸಿಕೊಳ್ಳುತ್ತವೆ. ನೀರು ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಆ ಪ್ರಮಾಣ ಸುಮಾರು ಶೇ 9ರಷ್ಟು ಏರುತ್ತದೆ.

ಜರಡಿ ಹಿಡಿದು ಒಣಗಿಸಿದ ಮಾದರಿಗಳನ್ನು ಕಲಬುರಗಿಯ ನಮ್ಮ ಮನೆಗೆ ತಂದು, 250ರಿಂದ 355 ಮೈಕ್ರಾನ್ ಗಾತ್ರದ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಿದೆ. ಮೇಲ್ಪದರದಲ್ಲಿ ಬದುಕುವ ಗ್ಲೋಬಿಜೆರಿನಾಯ್ಡಿಸ್ ರೂಬರ್ ಒಂದನ್ನೇ ಆರಿಸಬೇಕಿತ್ತು, ಏಕೆಂದರೆ ಬೇರೆ ಆಳದ ಪ್ರಭೇದ ಬೆರೆತರೆ ಬೇರೆ ಆಳದ ಬಿಸಿಯೂ ಬೆರೆಯುತ್ತದೆ. ಮನೆಯ ನೆಲಕ್ಕೆ ಹಾಸಿದ್ದ ಶಹಾಬಾದ್ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ ಆದ್ದರಿಂದ, ಅದರ ದೂಳು ಸೇರದಂತೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೇಸಿಗೆಯ ಸೆಕೆಯಲ್ಲೂ ಫ್ಯಾನ್ ಹಾಕದೆ ಕೂರುತ್ತಿದ್ದೆ.

ಮುಂದಿನ ಹಂತವನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡೆ. ಪ್ರಯೋಗಾಲಯದಲ್ಲಿ ಚಿಪ್ಪುಗಳನ್ನು ಎರಡು ಗಾಜಿನ ನಡುವೆ ಮೆಲ್ಲಗೆ ಒಡೆದು, ಒಳಗಿನ ಜೇಡಿಮಣ್ಣು ಬಿಡುವಂತೆ ನೀರಿನಲ್ಲೂ ಮೆಥನಾಲ್‌ನಲ್ಲೂ ಮತ್ತೆ ಮತ್ತೆ ತೊಳೆಯಬೇಕು. ಜೈವಿಕ ಅಂಶ ಹೋಗಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು. ಕೊನೆಗೆ ತೀರ ತೆಳು ಆಮ್ಲದಲ್ಲಿ ಅದ್ದಿ ತೆಗೆಯಬೇಕು. ಮೊದಲ ಸರದಿಯಲ್ಲಿ ನಾನು ನೀರಿನ ತೊಳೆತವನ್ನು ಬೇಗ ಮುಗಿಸಿಬಿಟ್ಟಿದ್ದೆ. ಹಿಮಯುಗದ ಪದರವೊಂದರಲ್ಲಿ ಪ್ರತಿ ಮೋಲ್ ಕ್ಯಾಲ್ಸಿಯಂಗೆ 6.9 ಮಿಲಿಮೋಲ್ ಮೆಗ್ನೀಸಿಯಂ ಸಿಕ್ಕಿತು. ಲೆಕ್ಕ ಹಾಕಿದರೆ 32 ಡಿಗ್ರಿ! ಹಿಮಯುಗದ ಕಡಲು ಇಂದಿಗಿಂತ ಬಿಸಿಯಾಗಿತ್ತೆಂದು ನಂಬಲು ಸಾಧ್ಯವಿರಲಿಲ್ಲ. ಚಿಪ್ಪು ಕರಗಿಸಿದ ಅದೇ ದ್ರಾವಣದ ಅಲ್ಯೂಮಿನಿಯಂ ಅಂಕಿ ನೋಡಿದಾಗ ಕಾರಣ ತಿಳಿಯಿತು: ಅಲ್ಯೂಮಿನಿಯಂ ಹೆಚ್ಚಿದೆ ಎಂದರೆ ಜೇಡಿಮಣ್ಣು ಉಳಿದಿದೆ, ಜೇಡಿಮಣ್ಣಿನಲ್ಲಿ ಮೆಗ್ನೀಸಿಯಂ ಇದೆ. ಅದೇ ಪದರದಿಂದ ಮತ್ತೆ ಚಿಪ್ಪು ಆರಿಸಿ ತೊಳೆದ ಮೇಲೆ ಅಂಕಿ 3.8ಕ್ಕೆ ಇಳಿಯಿತು, ಅಂದರೆ ಸುಮಾರು 25.5 ಡಿಗ್ರಿ. ಮೇಲಿನ, ಈಚಿನ ಪದರದಲ್ಲಿ 4.7, ಸುಮಾರು 28 ಡಿಗ್ರಿ. ಅಲ್ಯೂಮಿನಿಯಂ ಅಂಕಿ ನೋಡದೆ ಇಂದಿಗೂ ನಾನು ಯಾವ ಫಲಿತಾಂಶವನ್ನೂ ಒಪ್ಪುವುದಿಲ್ಲ.

ಅದೇ ಪದರಗಳ ಚಿಪ್ಪುಗಳಲ್ಲಿ ಆಮ್ಲಜನಕದ ಭಾರವಾದ ಐಸೊಟೋಪ್ ಅನ್ನೂ, ಅಂದರೆ ತೂಕ ಹೆಚ್ಚಿರುವ ಬಗೆಯ ಆಮ್ಲಜನಕ ಪರಮಾಣುವನ್ನೂ, ಅಳೆಸಿದೆ. ಹಿಮಯುಗದ ಚಿಪ್ಪುಗಳಲ್ಲಿ ಅದು ಈಚಿನವಕ್ಕಿಂತ ಸಾವಿರಕ್ಕೆ 1.8ರಷ್ಟು ಹೆಚ್ಚಿತ್ತು. ಹಗುರ ಆಮ್ಲಜನಕವುಳ್ಳ ನೀರು ಭೂಖಂಡಗಳ ಮೇಲೆ ಮಂಜುಗಡ್ಡೆಯಾಗಿ ನಿಂತದ್ದರ ಪಾಲು ಸುಮಾರು 1. ಎರಡೂವರೆ ಡಿಗ್ರಿ ತಂಪಿನ ಪಾಲು ಸುಮಾರು 0.5. ಮಳೆಯ ಸಿಹಿನೀರಿನಲ್ಲಿ ಹಗುರ ಆಮ್ಲಜನಕವೇ ಹೆಚ್ಚು; ಹಾಗಾಗಿ ಉಳಿದ 0.3 ಆ ನೀರು ಕಡಿಮೆ ಬಂದು ಕಡಲಿನ ಮೇಲ್ಪದರ ಆಗ ಹೆಚ್ಚು ಉಪ್ಪಾಗಿದ್ದುದನ್ನು, ಎಂದರೆ ಮುಂಗಾರು ಸೊರಗಿದ್ದುದನ್ನು ಸೂಚಿಸುತ್ತದೆ. ಮುಂಗಾರನ್ನೇ ನಂಬಿ ತೊಗರಿ ಬಿತ್ತುವ ಜಿಲ್ಲೆಯವನಾದ ನನಗೆ ಆ 0.3ರ ಮೇಲೆಯೇ ಹೆಚ್ಚು ಆಸಕ್ತಿ ಹುಟ್ಟಿತು; ಈಗ ನಡುವಿನ ಪದರಗಳ ಚಿಪ್ಪುಗಳನ್ನು ಆರಿಸುತ್ತಿದ್ದೇನೆ.