ಒಳಗಿನ ಸರ್ವರ್‌ಗಳಿಗೆ ನಮ್ಮದೇ ಸರ್ಟಿಫಿಕೇಟ್: ಆನ್ಸಿಬಲ್‌ನಲ್ಲಿ ನಾನು ಮಾಡಿದ ರೀತಿ

ಶಿರಸಿಯ ಒಂದು ಅಡಿಕೆ ವ್ಯವಹಾರದ ಸಂಸ್ಥೆಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ರಾಶಿ ಎಷ್ಟು ಬಂತು, ಚಾಲಿ ಎಷ್ಟು ಹೋಯಿತು ಎಂಬ ಲೆಕ್ಕವೆಲ್ಲ ಒಳಗಿನ ಒಂದು ವೆಬ್ ಆ್ಯಪ್‌ನಲ್ಲಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಅದಕ್ಕೇ ಸರ್ವರ್ ಕಟ್ಟಡದೊಳಗೇ ಇದೆ, ಹೊರಗಿನಿಂದ ಅದಕ್ಕೆ ದಾರಿಯಿಲ್ಲ. ಹೆಸರು ಕೂಡ ಡಾಟ್ ಇಂಟರ್ನಲ್ ಎಂದು ಮುಗಿಯುತ್ತದೆ. ಈ ಸರ್ವರ್ ನಿಜವಾದದ್ದೇ ಎಂದು ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರವೇ ಸರ್ಟಿಫಿಕೇಟ್. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಇಂಥ ಹೆಸರಿಗೆ ಕೊಡುವುದಿಲ್ಲ. ಹಾಗಾಗಿ ನಾವೇ ಸಹಿ ಹಾಕಿಕೊಳ್ಳಬೇಕು.

ಸುಲಭದ ದಾರಿ ಒಂದಿದೆ. ಪ್ರತಿ ಸರ್ವರ್‌ನಲ್ಲೂ ಒಂದು ಸೆಲ್ಫ್ ಸೈನ್ಡ್ (ತನಗೆ ತಾನೇ ಸಹಿ ಹಾಕಿಕೊಂಡ) ಸರ್ಟಿಫಿಕೇಟ್ ಮಾಡಿ, ಬ್ರೌಸರ್ ಎಚ್ಚರಿಕೆ ಕೊಟ್ಟಾಗ 'ಮುಂದುವರಿಯಿರಿ' ಒತ್ತಿ ಎಂದು ಸಿಬ್ಬಂದಿಗೆ ಹೇಳುವುದು. ನನಗೆ ಇದು ಬೇಡವಾಗಿತ್ತು. ಲೆಕ್ಕ ಬರೆಯುವವರು ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಸೈಟನ್ನೂ ತೆರೆಯುತ್ತಾರೆ. ದಿನಾ ಎಚ್ಚರಿಕೆ ದಾಟುವ ರೂಢಿ ಬಿದ್ದರೆ ಅಲ್ಲೂ ದಾಟುತ್ತಾರೆ, ಅಲ್ವಾ?

ಆದ್ದರಿಂದ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಒಂದೇ ಒಂದು ಮಾಡಿದೆ. ಅದು ನಮ್ಮ ಸ್ವಂತ ಸಿಎ, ಅಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಪ್ರಾಧಿಕಾರ. ಉಳಿದ ಸರ್ವರ್‌ಗಳ ಸರ್ಟಿಫಿಕೇಟ್‌ಗೆಲ್ಲ ಸಹಿ ಅದರದ್ದೇ. ಹಲವು ಸರ್ವರ್‌ಗಳ ಕೆಲಸವನ್ನು ಒಂದೇ ಕಡೆಯಿಂದ ಮಾಡಿಸುವ ಸಾಧನ ಆನ್ಸಿಬಲ್. ಅದರ ಕಮ್ಯುನಿಟಿ ಕ್ರಿಪ್ಟೋ ಕಲೆಕ್ಷನ್‌ನಲ್ಲಿ ಇದಕ್ಕೆ ಬೇಕಾದ ಮಾಡ್ಯೂಲ್‌ಗಳೆಲ್ಲ (ಸಿದ್ಧ ತುಣುಕುಗಳು) ಇವೆ. ಸಿಎ ಸಹಿ ಹಾಕಲು ಬಳಸುವ ಗುಟ್ಟಿನ ಕೀಗೆ ಪಾಸ್‌ಫ್ರೇಸ್ ಹಾಕಿ, ಆ ಪಾಸ್‌ಫ್ರೇಸನ್ನು ಆನ್ಸಿಬಲ್ ವಾಲ್ಟ್‌ನಲ್ಲಿ (ಗೂಢಲಿಪಿಯ ಫೈಲಿನಲ್ಲಿ) ಇಟ್ಟೆ. ಸಿಎಗೆ ನೇಮ್ ಕನ್‌ಸ್ಟ್ರೇಂಟ್ ಕೂಡ ಹಾಕಿದೆ: ನಮ್ಮ ಒಳಗಿನ ಹೆಸರು ಮತ್ತು ಐಪಿಗಳಿಗೆ ಮಾತ್ರ ಇದರ ಸಹಿ ನಡೆಯಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಆ ಮಿತಿ ಇಲ್ಲದಿದ್ದರೆ, ಸಿಎ ಕೀ ಕದ್ದವನು ಯಾವ ಸೈಟಿನ ಹೆಸರಿಗೆ ಸರ್ಟಿಫಿಕೇಟ್ ಮಾಡಿದರೂ ನಮ್ಮ ಕಂಪ್ಯೂಟರ್‌ಗಳು ನಂಬಿಬಿಡುತ್ತವೆ.

ಸರ್ವರ್‌ಗಳ ಪ್ಲೇಬುಕ್, ಅಂದರೆ ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ, ಹೀಗೆ ಹೋಗುತ್ತದೆ. ಖಾಸಗಿ ಕೀ ಆಯಾ ಸರ್ವರ್‌ನಲ್ಲೇ ಹುಟ್ಟುತ್ತದೆ, ಅಲ್ಲಿಂದ ಹೊರಗೆ ಬರುವುದೇ ಇಲ್ಲ. ಸಿಎಸ್‌ಆರ್ (ಸರ್ಟಿಫಿಕೇಟ್ ಕೇಳುವ ಅರ್ಜಿ) ಕೂಡ ಅಲ್ಲೇ ತಯಾರಾಗುತ್ತದೆ. ಸಹಿ ಹಾಕುವ ಟಾಸ್ಕ್ ಮಾತ್ರ ಡೆಲಿಗೇಟ್ ಆಗಿ ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ. ಸಿಎ ಕೀ ಇರುವುದು ಇಲ್ಲಿ. ಸಹಿಯಾದ ಸರ್ಟಿಫಿಕೇಟ್ ಮಾತ್ರ ಸರ್ವರ್‌ಗೆ ವಾಪಸ್ ಹೋಗುತ್ತದೆ. ಸಹಿಗೆ ಮೊದಲು ಸರ್ವರ್‌ನಲ್ಲಿ ಈಗಾಗಲೇ ಇರುವ ಸರ್ಟಿಫಿಕೇಟನ್ನು ಓದಿ ಮಾಡ್ಯೂಲಿಗೆ ಕೊಡಬೇಕು. ಕೊಡದಿದ್ದರೆ ಪ್ಲೇಬುಕ್ ಓಡಿಸಿದಾಗಲೆಲ್ಲ ಹೊಸ ಸರ್ಟಿಫಿಕೇಟ್ ಹುಟ್ಟುತ್ತದೆ.

ಹೆಸರಿನ ವಿಷಯದಲ್ಲಿ ಜಾಸ್ತಿ ಗಮನ ಬೇಕು. 2017ರಲ್ಲಿ ಬಂದ ಕ್ರೋಮ್ 58ರಿಂದ ಸರ್ಟಿಫಿಕೇಟಿನ ಕಾಮನ್ ನೇಮ್ (ಮುಖ್ಯ ಹೆಸರು) ಜಾಗಕ್ಕೆ ಬೆಲೆಯಿಲ್ಲ. ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಪಟ್ಟಿಯಲ್ಲಿ ಇರುವುದನ್ನಷ್ಟೇ ಅದು ನೋಡುತ್ತದೆ. ನಮ್ಮಲ್ಲಿ ಕೆಲವರು ಹೆಸರು ಬಿಟ್ಟು ನೇರವಾಗಿ ಐಪಿಯನ್ನೇ ಟೈಪ್ ಮಾಡುತ್ತಾರೆ. ಅದಕ್ಕೆ ಡಿಎನ್‌ಎಸ್ ಹೆಸರಿನ ಜೊತೆ ಐಪಿಯನ್ನೂ ಬರೆದೆ. ಇದೆಲ್ಲ ಸರ್ವರ್‌ಗಳ ಪಟ್ಟಿಯಾದ ಇನ್ವೆಂಟರಿಯಿಂದಲೇ ಬರುವುದರಿಂದ ಹೊಸ ಸರ್ವರ್ ಸೇರಿಸುವುದೆಂದರೆ ಒಂದು ಸಾಲು ಸೇರಿಸಿದಂತೆ. ಅವಧಿಯನ್ನು ಮಾತ್ರ ನಾವೇ ಬರೆಯಬೇಕು. ಸುಮ್ನೆ ಬಿಟ್ಟರೆ ಮಾಡ್ಯೂಲ್ 3650 ದಿನ ಹಾಕುತ್ತದೆ. 2019ರ ಜುಲೈ 1ರ ನಂತರ ಕೊಟ್ಟ ಸರ್ವರ್ ಸರ್ಟಿಫಿಕೇಟ್ 825 ದಿನಕ್ಕಿಂತ ಜಾಸ್ತಿ ಇದ್ದರೆ ಆಪಲ್ ಸಾಧನಗಳು ಒಪ್ಪುವುದಿಲ್ಲ. ನಾನು ಒಂದು ವರ್ಷ ಇಟ್ಟೆ.

ಸಿಎ ಸರ್ಟಿಫಿಕೇಟನ್ನು ಎಲ್ಲ ಕಂಪ್ಯೂಟರ್‌ಗೂ ಹಂಚಬೇಕು. ಉಬುಂಟುವಿನಲ್ಲಿ ಅದಕ್ಕೆಂದೇ ಒಂದು ಫೋಲ್ಡರ್ ಇದೆ. ಫೈಲಿನ ಹೆಸರು ಡಾಟ್ ಸಿಆರ್‌ಟಿ ಎಂದೇ ಮುಗಿಯಬೇಕು, ಆಮೇಲೆ ಅಪ್‌ಡೇಟ್ ಕಮಾಂಡ್ ಓಡಿಸಬೇಕು. ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿ ಇರುವುದರಿಂದ ಅದನ್ನು ಪಾಲಿಸಿ ಫೈಲ್ ಮೂಲಕ ಬೇರೆಯಾಗಿ ನೋಡಿಕೊಂಡೆ.

ನಮ್ಮ ಊರಿಗೇ ಅಂಟಿಕೊಂಡ ಒಂದು ಸಮಸ್ಯೆ ಗಡಿಯಾರದ್ದು. ಘಟ್ಟದ ಕೆಳಗಿನ ಶಾಖೆಗಳಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಸಮಯ ಹಿಂದೆ ಉಳಿಯುತ್ತದೆ. ಆಗ ಪೈ ಹೊಸ ಸರ್ಟಿಫಿಕೇಟ್ ನೋಡಿ 'ಇದು ಇನ್ನೂ ಚಾಲ್ತಿಗೆ ಬಂದಿಲ್ಲ' ಎನ್ನುತ್ತದೆ. ನೆಟ್ ಇದ್ದರೆ ಸಮಯ ಸರಿಹೋಗುತ್ತದೆ. ಆದರೆ ಮಳೆಯಲ್ಲಿ ಎರಡೂ ಒಟ್ಟಿಗೇ ಹೋಗುತ್ತವಲ್ಲ! ಪ್ರತಿ ಶಾಖೆಯಲ್ಲೂ ಗಡಿಯಾರ ಇರುವ ಒಂದು ಕಂಪ್ಯೂಟರಿನಲ್ಲಿ ಸಮಯ ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಂ ಹಾಕಿ, ಪೈಗಳು ಅದರಿಂದಲೇ ಸಮಯ ಕೇಳುವ ಹಾಗೆ ಮಾಡಿದೆ. ಸರ್ಟಿಫಿಕೇಟಿನ ಆರಂಭದ ದಿನವನ್ನೂ ಸ್ವಲ್ಪ ಹಿಂದಕ್ಕೆ ಇಟ್ಟೆ.

ನವೀಕರಣ ತಾನಾಗಿ ಆಗುವುದಿಲ್ಲ, ಇದು ಗೊತ್ತಿರಲಿ. ಮುಗಿಯುವ ದಿನ ಹತ್ತಿರ ಬಂತೆಂದು ಆನ್ಸಿಬಲ್ ಹೊಸದು ಮಾಡಿಕೊಡುವುದಿಲ್ಲ. ಇಂದಿನಿಂದ 30 ದಿನದ ನಂತರವೂ ಸರ್ಟಿಫಿಕೇಟ್ ನಡೆಯುತ್ತದೆಯೇ ಎಂದು ಕೇಳುವ ಟಾಸ್ಕ್ ಬರೆದೆ. 'ಇಲ್ಲ' ಎಂದು ಬಂದರೆ ಹಳೆಯದನ್ನು ಲೆಕ್ಕಕ್ಕೆ ಹಿಡಿಯದೆ ಹೊಸದಕ್ಕೆ ಸಹಿ ಬೀಳುತ್ತದೆ. ಫೈಲ್ ಬದಲಾದ ಮಾತ್ರಕ್ಕೆ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಹೊಸದನ್ನು ತೋರಿಸುವುದಿಲ್ಲ. ರೀಲೋಡ್ ಆಗುವವರೆಗೆ ಹಳೆಯದೇ ಮೆಮೊರಿಯಲ್ಲಿರುತ್ತದೆ. ಫೈಲ್ ಬದಲಾದಾಗ ರೀಲೋಡ್ ಮಾಡಿಸಲು ಹ್ಯಾಂಡ್ಲರ್ ಎಂಬ ಟಾಸ್ಕ್ ಇದೆ. ಹ್ಯಾಂಡ್ಲರ್ ಓಡಿದ ಮೇಲೆ, ಬ್ರೌಸರ್ ಸುರಕ್ಷಿತವಾಗಿ ಸಂಪರ್ಕಿಸುವ 443ನೇ ಪೋರ್ಟಿಗೆ ಹೋಗಿ ಅಲ್ಲಿ ನಿಜವಾಗಿ ಸಿಗುವ ಸರ್ಟಿಫಿಕೇಟನ್ನೇ ತಂದು ದಿನಾಂಕ ನೋಡುವುದು ಪ್ಲೇಬುಕ್‌ನ ಕೊನೆಯ ಟಾಸ್ಕ್. ಅದು ತಾಳೆಯಾಗದಿದ್ದರೆ ಪ್ಲೇಬುಕ್ ಫೇಲ್ ಆಗಿ ನಿಲ್ಲುತ್ತದೆ.